ಬೇಲಿಗೂ ಒಂದು ಬೇಲಿ: ಆಟದ ಸರ್ಕಾರದ ಭದ್ರತಾ ಇಲಾಖೆ

ಹಿಂದಿನ ಸೆಮ್‌ನಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಾವೊಂದಿಷ್ಟು ಜನ ಸೇರಿ ಡಿಸ್ಕಾರ್ಡ್‌ನಲ್ಲಿ ಒಂದು ಸರ್ಕಾರ ಕಟ್ಟಿದ್ವಿ. ಪ್ರಧಾನಿ, ಸ್ಪೀಕರ್, ಜಡ್ಜ್ ಎಲ್ಲ ಇದ್ದರು. ಆದರೆ ಎಲ್ಲರಿಗೂ ಬೇಕಾಗಿದ್ದು ರಾಷ್ಟ್ರೀಯ ಭದ್ರತಾ ಇಲಾಖೆ! ಎಲ್ಲ ಚಾನೆಲ್ ಓದುವ, ಯಾರನ್ನಾದರೂ ಬ್ಯಾನ್ ಮಾಡುವ ಪವರ್ ಅದಕ್ಕಿತ್ತು. ನಾಲ್ಕನೇ ದಿನ, ಬಜೆಟ್ ಬಗ್ಗೆ ಪ್ರಶ್ನೆ ಕೇಳಿದ ಗೆಳೆಯನೊಬ್ಬ ‘ದೇಶದ್ರೋಹಿ’ ಅಂತ ಬ್ಯಾನ್ ಆದ. ಕಾರಣ ಕೇಳಿದ್ರೆ, "ಅದು ಸೀಕ್ರೆಟ್." ಒಂದು ವಾರ ಅವನು ಮೆಸ್ಸಲ್ಲೂ ನಮ್ಮ ಜೊತೆ ಕೂರಲಿಲ್ಲ.

ಭದ್ರತಾ ಮಂತ್ರಿ ಕೆಟ್ಟವನೇನಲ್ಲ. ನಾವು ಮಾಡಿದ ಡಿಸೈನೇ ತಪ್ಪಿತ್ತು.

ನಮ್ಮ ಸೀಮೆಯ ಹಳೇ ಪಾಠ

ವಿಜಯನಗರದ ಕಾಲದಲ್ಲಿ ಪಾಳೆಯಗಾರ ಅಂದ್ರೆ ಸೀಮೆ ಕಾಯುವವನು. ಸೈನಿಕರನ್ನು ಸಾಕಬೇಕು, ಕಪ್ಪ ಕೊಡಬೇಕು. ಬದಲಿಗೆ ಆ ಸೀಮೆಯ ಆದಾಯ ಅವನಿಗೆ. 1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ಮೇಲಿನವರ ಹಿಡಿತ ಸಡಿಲವಾಯ್ತು. ಹರಪನಹಳ್ಳಿಯಲ್ಲೂ, ಕೂಡ್ಲಿಗಿ ಭಾಗದ ಗುಡೇಕೋಟೆ, ಜರಿಮಲೆಗಳಲ್ಲೂ ಪಾಳೆಯಗಾರರೇ ದೊರೆಗಳಂತೆ ಆಳಿದರು. ಸೈನ್ಯ, ತೆರಿಗೆ, ನ್ಯಾಯ ಮೂರೂ ಒಂದೇ ಕೈಗೆ ಬಂತು. ಅವರಲ್ಲಿ ಒಳ್ಳೆಯವರೂ ಇದ್ದಿರಬಹುದು; ಆದರೆ ಒಳ್ಳೆಯವರಾಗಿರೋದು ಅವರ ಮರ್ಜಿ, ಜನರ ಹಕ್ಕಲ್ಲ.

ಇವತ್ತು ಹೇಗಿದೆ?

ಇವತ್ತು ದೇಶದ ಭದ್ರತೆಯ ಕೆಲಸವನ್ನು ಬೇಕಂತಲೇ ಹಂಚಿದ್ದಾರೆ.

1. ಸಲಹೆ: 1998ರಲ್ಲಿ ರಚನೆಯಾದ ರಾಷ್ಟ್ರೀಯ ಭದ್ರತಾ ಮಂಡಳಿ. ಪ್ರಧಾನಿಯೇ ಇದರ ಅಧ್ಯಕ್ಷರು.
2. ಮಾಹಿತಿ: ದೇಶದೊಳಗೆ ಐಬಿ, ಹೊರಗೆ 1968ರಲ್ಲಿ ಶುರುವಾದ ರಾ. ಐಬಿಗೆ ಬಂಧಿಸುವ ಅಧಿಕಾರವಿಲ್ಲ.
3. ತನಿಖೆ: ಮುಂಬೈ ದಾಳಿಯ ನಂತರ, 2008ರ ಕಾಯ್ದೆಯಿಂದ ಬಂದ ಎನ್‌ಐಎ.
4. ಪೊಲೀಸ್: ಇದು ರಾಜ್ಯದ ವಿಷಯ. ಕೊಟ್ಟೂರಿನ ಠಾಣೆ ನಡೆಯೋದು ರಾಜ್ಯ ಸರ್ಕಾರದ ಕೈಕೆಳಗೆ.
5. ತೀರ್ಪು: ಕೋರ್ಟು ಮಾತ್ರ.

ಇದರ ಮೇಲೆ ಸಂವಿಧಾನದ 22ನೇ ವಿಧಿ ಇದೆ. ಹಡಗಲಿಯಲ್ಲಿ ಯಾರನ್ನಾದರೂ ಬಂಧಿಸಿದರೆ ಕಾರಣ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನಕ್ಕೆ ಈ ನಿಯಮ ಅನ್ವಯಿಸಲ್ಲ. ಅಲ್ಲೂ ಸಾಮಾನ್ಯವಾಗಿ ಮೂರು ತಿಂಗಳು ಮೀರಬೇಕಾದರೆ ಸಲಹಾ ಮಂಡಳಿ ಒಪ್ಪಬೇಕು.

ನಮ್ಮ ಆಟದಲ್ಲಿ ಈ ಐದೂ ಒಬ್ಬನೇ ಆಗಿದ್ದ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಹೊಸ ರೂಲ್ಸ್

- ಲಾಗ್ ಓದುವವನಿಗೆ ಬ್ಯಾನ್ ಬಟನ್ ಇಲ್ಲ.
- ಬ್ಯಾನ್ ಮಾಡಿದ್ರೆ ಕಾರಣ ಬರೆದು ಹಾಕಬೇಕು.
- 24 ಗಂಟೆಯಲ್ಲಿ ಜಡ್ಜ್ ಒಪ್ಪದಿದ್ರೆ ಬ್ಯಾನ್ ತಾನಾಗೇ ರದ್ದು.
- ಇಲಾಖೆ ಪ್ರತಿ ವಾರ ಸಂಸತ್ತಿನಲ್ಲಿ ಉತ್ತರ ಕೊಡಬೇಕು.

ಸೀಕ್ರೆಟ್ ಇರಲೇಬಾರದು ಅಂತಲ್ಲ. ಸರ್ವರ್ ಪಾಸ್‌ವರ್ಡ್ ಎಲ್ಲರಿಗೂ ಹೇಳೋಕಾಗುತ್ತಾ? ಆದರೆ ಆ ಸೀಕ್ರೆಟ್ ನೋಡಿ ‘ಇದು ಸರಿ’, ‘ಇದು ತಪ್ಪು’ ಅನ್ನೋಕೆ ಇಲಾಖೆಯ ಹೊರಗಿನವರು ಒಬ್ಬರಾದರೂ ಇರಬೇಕು.

ಆ ಗೆಳೆಯನ ರೂಮಿಗೆ ಹೋಗಿ ಸಾರಿ ಕೇಳಿದ್ವಿ. ಈ ಸಲದ ಆಟಕ್ಕೆ ಬರ್ತಾನಂತೆ. ಮೊದಲ ಪ್ರಶ್ನೆ ಮತ್ತೆ ಅದೇ ಬಜೆಟ್ ಬಗ್ಗೆ ಅಂತ ಈಗಲೇ ಹೇಳಿದ್ದಾನೆ. ಕೇಳಲಿ.