ಮೊದಲು ಅವ್ವನ ಕುರ್ತಾ

ಕೂಸು ಹುಟ್ಟಿದ ಮನೆಯಲ್ಲಿ ಹೊಲಿಗೆ ಮಷಿನ್ ಇದ್ದರೆ ಮೊದಲು ಕತ್ತರಿ ಬೀಳುವುದು ಕುಲಾವಿ, ಕುಂಚಿಗೆಯ ಬಟ್ಟೆಗೆ. ನಾನು ಮಾತ್ರ ಗೆಳತಿಯರಿಗೆ ಹೇಳುವುದು, ಮೊದಲು ನಿಮಗೊಂದು ಕುರ್ತಾ ಹೊಲಿದುಕೊಳ್ಳಿ ಅಂತ. ಕೂಸಿಗೆ ಅಕ್ಕನ ಮಕ್ಕಳ ಹಳೆಯ ಅಂಗಿ ಬರುತ್ತವೆ, ತೊಟ್ಟಿಲಿಗೆ ಬಂದವರೆಲ್ಲ ಹೊಸ ಬಟ್ಟೆ ಕೊಡುತ್ತಾರೆ. ಹಾಲೂಡಿಸುವ ತಾಯಿಗೆ ಏನು ತೊಡಲು ಆರಾಮ ಎಂದು ಯಾರೂ ಕೇಳುವುದಿಲ್ಲ. ಹಳೆಯ ಕುರ್ತಾ ಎದೆಗೂ ಬಿಗಿ, ಹೊಟ್ಟೆಗೂ ಬಿಗಿ. ಹಾಲು ಕೊಡಬೇಕೆಂದರೆ ಸೊಂಟದಿಂದ ಮೇಲಕ್ಕೆ ಎತ್ತಬೇಕು. ಹಾಗಾಗಿ ಅವಳು ದಿನವಿಡೀ ನೈಟಿಯಲ್ಲೇ ಇದ್ದುಬಿಡುತ್ತಾಳೆ, ಹೊರಗೆ ಹೋಗುವುದನ್ನೇ ಬಿಡುತ್ತಾಳೆ.

ನಾನು ಬಾಗಲಕೋಟೆ ಕಡೆಯವಳು, ಮದುವೆಯಾಗಿ ಪುಣೆಯ ಕೋಥ್ರೂಡಿಗೆ ಬಂದವಳು. ಬಾಣಂತನ ಮುಗಿಸಿ ತವರಿನಿಂದ ಮರಳಿದ ಮೇಲೆ ನನಗಾಗಿ ಹೊಲಿದ ಕುರ್ತಾ ಸರಳವಾದದ್ದು. ಮುಂಭಾಗವನ್ನು ಮೂರು ತುಂಡು ಮಾಡಿ, ಭುಜದಿಂದ ಕೆಳಗಿಳಿಯುವ ಎರಡು ಉದ್ದ ಹೊಲಿಗೆಗಳಲ್ಲಿ ಏಳೇಳು ಇಂಚಿನ ಝಿಪ್ ಕೂಡಿಸಿದೆ. ಝಿಪ್ಪಿನ ಹಿಂದೆ ಮಲ್ ಬಟ್ಟೆಯ ಪಟ್ಟಿ ಇಟ್ಟೆ, ಮೈಗೆ ತಾಗಬಾರದು ನೋಡಿ. ಎರಡೂ ಮಗ್ಗುಲಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟೆ. ಬಾಣಂತಿಯ ಮೈ ತಿಂಗಳಿಗೊಂದು ಅಳತೆಗೆ ಬರುತ್ತದೆ. ಹೊಲಿಗೆ ಬಿಚ್ಚಿ ಸಡಿಲಿಸಲೂ ಬೇಕು, ಆಮೇಲೆ ಹಿಡಿಯಲೂ ಬೇಕು. ಬಲಗಡೆ ಆಳವಾದ ಜೇಬು. ಅದನ್ನು ತೊಟ್ಟು ಕೂಸನ್ನೆತ್ತಿಕೊಂಡು ಲಕ್ಷ್ಮೀ ರಸ್ತೆಗೆ ಹೋದೆ, ಅಂಗಡಿಯೊಂದರ ಮೂಲೆಯ ಸ್ಟೂಲಿನ ಮೇಲೆ ಕೂತು ನಿರಾತಂಕವಾಗಿ ಹಾಲು ಕೊಟ್ಟೆ. ಆ ಹೊತ್ತಿನ ಧೈರ್ಯ ಬೇರೆ ಯಾವ ಬಟ್ಟೆಯೂ ನನಗೆ ಕೊಟ್ಟಿಲ್ಲ.

ಮಕ್ಕಳ ಬಟ್ಟೆಗೆ ಬರುತ್ತೇನೆ. ಮೊದಲ ತಿಂಗಳುಗಳಿಗೆ ಹೊಸ ಬಟ್ಟೆ ಬೇಡವೇ ಬೇಡ. ಅವ್ವನ ಹಳೆಯ ನೂಲಿನ ಸೀರೆ ಇರಲಿ. ಒಗೆದೊಗೆದು ಗಂಜಿ ಹೋಗಿರುತ್ತದೆ, ಇನ್ನು ಕುಗ್ಗುವುದಿಲ್ಲ. ಇಲ್ಲಿಯವರು ಝಬಲೆ ಎನ್ನುವ ಆ ಪುಟ್ಟ ಅಂಗಿಗೆ ಹಿಂದೆ ಗಿಡ್ಡ ಕಸೆ ಸಾಕು. ಕುತ್ತಿಗೆಯ ಸುತ್ತ ಎಳೆದು ಬಿಗಿಯುವ ದಾರ ಹಾಕಬಾರದು, ಬಾಯಿಗೆ ಸಿಗುವ ಗುಂಡಿಯೂ ಬೇಡ. ಹೊಸ ಪಾಪ್ಲಿನ್ ತಂದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ.

ಕೂಸಿನ ಅಳತೆ ದೊಡ್ಡವರ ಅಳತೆಯನ್ನು ಕಿರಿದು ಮಾಡಿದ್ದಲ್ಲ. ವರ್ಷ ತುಂಬುವ ಹೊತ್ತಿಗೆ ತಲೆಯ ಸುತ್ತಳತೆಯೂ ಎದೆಯ ಸುತ್ತಳತೆಯೂ ಹೆಚ್ಚುಕಡಿಮೆ ಒಂದೇ, ಸುಮಾರು 18 ಇಂಚು. ಆದ್ದರಿಂದ ಅಂಗಿಯ ಕುತ್ತಿಗೆ ಕೊರೆಯುವಾಗ ನೋಡಬೇಕಾದದ್ದು ತಲೆಯನ್ನು. ಕುತ್ತಿಗೆ ಅಂದವಾಗಿ ಕಾಣಲೆಂದು ಚಿಕ್ಕದಿಟ್ಟರೆ ಭುಜದ ಮೇಲೆ ಬಾಯಿ ಬಿಟ್ಟು ಪ್ರೆಸ್ ಬಟನ್ ಹಾಕಲೇಬೇಕು. ಇನ್ನೊಂದು, ಎರಡರಿಂದ ಐದು ವರ್ಷದೊಳಗೆ ಮಕ್ಕಳು ಸುಮಾರು 8 ಇಂಚು ಎತ್ತರವಾಗುತ್ತಾರೆ, ಎದೆ ಹಿಗ್ಗುವುದು ಎರಡು ಇಂಚಿನ ಆಸುಪಾಸು. ಅಂದರೆ ಎದೆಯ ಹತ್ತಿರ ತುಸು ಸಡಿಲವಾಗಿ ಹೊಲಿದ ಫ್ರಾಕು ಉದ್ದಕ್ಕಷ್ಟೇ ಸೋಲುತ್ತದೆ. ಅದಕ್ಕೇ ಹಿಂದಿನವರು ಲಂಗದ ಕೆಳಗೆ ಸಾಲಾಗಿ ಟಕ್ ಹಿಡಿಯುತ್ತಿದ್ದದ್ದು. ಅರ್ಧ ಇಂಚಿನ ಟಕ್ ಒಂದನ್ನು ಬಿಚ್ಚಿದರೆ ಒಂದು ಇಂಚು ಉದ್ದ ಸಿಗುತ್ತದೆ. ಟಕ್ಕಿಗೆ ಉದ್ದುದ್ದ ಹೊಲಿಗೆ ಹಾಕಿ, ಬಿಚ್ಚಲು ಸಲೀಸು. ಬಿಚ್ಚಿದಲ್ಲಿ ಬಣ್ಣದ ಗೆರೆ ಉಳಿಯುತ್ತದಲ್ಲ, ಅದರ ಮೇಲೆ ತುಳಶಿಬಾಗ್ ಪೇಟೆಯ ಲೇಸು. ನನ್ನ ದೊಡ್ಡ ಮಗಳ ಲಂಗ ಹೀಗೆ ಇಳಿದಿಳಿದು ಈಗ ಚಿಕ್ಕವಳಿಗಾಗಿ ಮತ್ತೆ ಮೇಲೇರಿದೆ.

ಲಂಗಕ್ಕೆ ಲಾಡಿ ಬೇಡ. ಚಿಕ್ಕ ಮಕ್ಕಳಿಗೆ ಹೊಟ್ಟೆ ಇರುತ್ತದೆ, ಸೊಂಟ ಇರುವುದಿಲ್ಲ, ಓಡಿದರೆ ಜಾರುತ್ತದೆ. ತೋಳಿಲ್ಲದ ಅಸ್ತರಿನ ಬಾಡಿಗೆ ಲಂಗ ಕೂಡಿಸಿ, ಮೇಲೆ ಪೋಲ್ಕಾ ಹಾಕಿ. ಭಾರ ಭುಜದ ಮೇಲೆ ಬೀಳುತ್ತದೆ.

ದೊಡ್ಡವಳ ಮೊದಲ ಸಂಕ್ರಾಂತಿಗೆ ನೆರೆಮನೆಯ ಕಾಕು ಬೋರನ್ಹಾಣ ಮಾಡೋಣ ಎಂದರು. ನಮ್ಮಲ್ಲೂ ಮಕ್ಕಳಿಗೆ ಬಾರಿಹಣ್ಣು ಎರೆಯುತ್ತೇವೆ, ಅದು ಹೊಸದಲ್ಲ. ಆದರೆ ಇಲ್ಲಿ ಕೂಸಿಗೆ ಕಪ್ಪು ಬಟ್ಟೆ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ ಕೂರಿಸುತ್ತಾರೆ. ಫೋನಿನಲ್ಲಿ ಹೇಳಿದರೆ ಅವ್ವ, "ಹಬ್ಬದ ದಿನಾ ಕೂಸಿಗೆ ಕರೀ ಅರಿವಿ ಹಾಕ್ತಿಯೇನವಾ?" ಎಂದಳು. ಥಂಡಿಯ ದಿನ, ಕಪ್ಪು ಬಿಸಿಲಿನ ಕಾವು ಹಿಡಿಯುತ್ತದೆ ಎಂಬ ಕಾಕುವಿನ ಮಾತನ್ನು ದಾಟಿಸಿದೆ. ಅವ್ವ ಸುಮ್ಮನಾದಳು, ಆಮೇಲೆ ಬಂದವರ ಕೈಯಲ್ಲಿ ಗುಳೇದಗುಡ್ಡದ ಕಪ್ಪು ಖಣ ಕಳಿಸಿದಳು.

ಖಣದ ಅಗಲ ಕಡಿಮೆ, ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ತಕ್ಷಣ ಅಂಚಿಗೆ ಇಂಟರ್‌ಲಾಕ್ ಮಾಡಿಸಿದೆ. ಕುಸುರೆಳ್ಳು ಮುಳ್ಳು ಮುಳ್ಳಾಗಿರುತ್ತದೆ, ಕೂಸಿನ ಜೊಲ್ಲು ತಾಗಿದರೆ ಅಂಟುತ್ತದೆ. ಅದಕ್ಕೆ ಕುತ್ತಿಗೆ ಮೇಲಕ್ಕಿಟ್ಟು, ತೋಳು ಮಣಿಕಟ್ಟಿನವರೆಗೆ ಇಳಿಸಿ, ಒಳಗೆ ಪೂರ್ತಿ ಮಲ್ ಅಸ್ತರ್ ಕೊಟ್ಟೆ. ಎದೆಯ ಮೇಲೆ ಅವ್ವ ಕಲಿಸಿದ ಕಸೂತಿಯ, ಗವಂತಿ ಹೊಲಿಗೆಯ ಒಂದು ಗೋಪುರ. ಬಾರಿಹಣ್ಣು, ಚುರಮುರಿ ತಲೆಯ ಮೇಲೆ ಸುರಿದಾಗ ಮಗಳು ಅಳಲಿಲ್ಲ. ಒಳಗಿನ ಬಟ್ಟೆ ಮೆತ್ತಗಿದ್ದುದಕ್ಕೇ ಎಂದು ನಾನು ಈಗಲೂ ನಂಬುತ್ತೇನೆ.

ಹೊಲಿದರೆ ದುಡ್ಡು ಉಳಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಗುಂಡಿ, ಝಿಪ್ಪುಗಳನ್ನು ಸಗಟಿಗೆ ತಂದರೂ ಅಷ್ಟೆ. ಬನಿಯನ್, ಚಡ್ಡಿ, ಟೀ ಶರ್ಟುಗಳನ್ನು ಕೊಳ್ಳಿ. ಹೆಣೆದ ಬಟ್ಟೆ ಮನೆಯ ಸಾದಾ ಮಷಿನಿಗೆ ಸುಲಭವಾಗಿ ಒಗ್ಗುವುದಿಲ್ಲ. ಹೊಲಿಗೆ ಹೊಟ್ಟೆಪಾಡಾಗಿದ್ದವರ ಕತೆ ಬೇರೆ. 1909ರಲ್ಲಿ ರಮಾಬಾಯಿ ರಾನಡೆ ಮುಂದೆ ನಿಂತು ಕಟ್ಟಿದ ಪುಣೆಯ ಸೇವಾಸದನದಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳಿಗೆ ಆ ಸೂಜಿ ಅನ್ನ ಕೊಟ್ಟಿತು. ನನಗೆ ಅದು ಕೊಟ್ಟದ್ದು ದಿನದಲ್ಲಿ ನನ್ನದೇ ಆದ ಒಂದಿಷ್ಟು ಹೊತ್ತು. ಆ ಹೊತ್ತು ಇಡಿಯಾಗಿ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆ ಕೆಲಸ ಸಾಗತೊಡಗಿತು. ಒಂದು ರಾತ್ರಿ ಗುರುತು ಹಾಕಿ ಕತ್ತರಿಸಿಡುವುದು, ಇನ್ನೊಂದು ರಾತ್ರಿ ಭುಜ ಮತ್ತು ಮಗ್ಗುಲು. ಹೆಮ್ಮಿಂಗ್ ಮತ್ತು ಕಾಜಾ ಕೈಕೆಲಸ, ಕೂಸು ತೊಡೆಯ ಮೇಲಿಲ್ಲದಾಗ ಎಲ್ಲಿ ಬೇಕಾದರೂ ಕೂತು ಮಾಡಬಹುದು. ಎಲ್ಲಿ ನಿಲ್ಲಿಸಿದೆ ಎಂದು ಚೀಟಿ ಬರೆದು ಬಟ್ಟೆಗೆ ಚುಚ್ಚಿ, ಡಬ್ಬಿಗೆ ಹಾಕಿ ಮೇಲೆತ್ತಿಡಬೇಕು.

ಮಗು ಅಂಬೆಗಾಲಿಡುವಷ್ಟಾದರೆ ಪೆಡಲ್ ಮಷಿನಿನ ಬೆಲ್ಟನ್ನು ಪ್ರತಿ ಸಲವೂ ಚಕ್ರದಿಂದ ತಪ್ಪಿಸಿಡಿ. ತಿರುಗುವ ಚಕ್ರ ಕಂಡರೆ ಮಕ್ಕಳ ಬೆರಳು ಅಲ್ಲಿಗೇ ಹೋಗುತ್ತದೆ.

ಈಗ ದೊಡ್ಡವಳದ್ದು ಒಂದೇ ಬೇಡಿಕೆ, ಲಂಗಕ್ಕೂ ಜೇಬು ಬೇಕು. ಮಗ್ಗುಲ ಹೊಲಿಗೆಯಲ್ಲಿ, ಅವಳ ಕೈ ಎಟಕುವಲ್ಲಿ ಇಡುತ್ತೇನೆ. ಜೇಬಿನ ಮೇಲಂಚನ್ನು ಬಾಡಿಯ ಹೊಲಿಗೆಯೊಳಗೆ ಸೇರಿಸುತ್ತೇನೆ, ಕಲ್ಲು ತುಂಬಿಕೊಂಡು ಬಂದರೂ ಲಂಗ ಜೋತುಬೀಳಬಾರದು.