ಕೊಯ್ಲಿನ ದಿನ ಕೂಸು ಎಲ್ಲಿ? ತಂದೆತಾಯಿಗಳು ಕೇಳಬೇಕಾದ ಕಾನೂನು



ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಎರಡು ಮರಗಳ ನಡುವೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದು ನಾವೆಲ್ಲ ಕಂಡದ್ದೇ. ಜೋಲಿ ತೂಗಲು ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ಕೂರುತ್ತಾಳೆ. ಕೂಲಿಗೆ ಬರುವವರ ಪಾಡು ಹೀಗಿದ್ದರೆ, ಮನೆಮಂದಿಯೇ ದುಡಿಯುವ ಸಣ್ಣ ಬೆಳೆಗಾರನ ಪಾಡೂ ಬೇರೆಯಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ನನ್ನ ಮಗಳೂ ಅಂಗಳದ ಮೂಲೆಯಲ್ಲೇ ಬೆಳೆದವಳು.

ಕಾನೂನು ಏನನ್ನುತ್ತದೆ? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇದರಲ್ಲಿ ಗಂಡಸರು, ಹೆಂಗಸರು ಸೇರಿ ಕಾರ್ಮಿಕರ ಸಂಖ್ಯೆಯನ್ನು ಎಣಿಸುತ್ತಾರೆ. ಆದರೆ ಗಡಿ ಮಾತ್ರ ಐವತ್ತರ ಆಸುಪಾಸೇ. ಎಂಟು ಹತ್ತು ಆಳುಗಳ ನಮ್ಮ ತೋಟಗಳು ಹಿಂದೆಯೂ ಹೊರಗಿದ್ದವು, ಈಗಲೂ ಹೊರಗಿವೆ.

ಹಾಗೆಂದು ದಾರಿಯಿಲ್ಲದಿಲ್ಲ. ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಲು ಸಂಹಿತೆಯೇ ಅವಕಾಶ ಕೊಟ್ಟಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ನಮ್ಮ ರಾಜ್ಯ 2023ರಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಇಂಥದ್ದೇ ವ್ಯವಸ್ಥೆ ತೋಟದ ಕೆಲಸದವರಿಗೂ, ಸಣ್ಣ ಬೆಳೆಗಾರರಿಗೂ ಕಾನೂನಿನ ಹಕ್ಕಾಗಿ ಸಿಗಬೇಕು ಎಂಬುದೇ ನಮ್ಮ ಬೇಡಿಕೆಯಾಗಲಿ.

ಕೇಳುವ ಕ್ರಮ ಹೀಗಿರಲಿ:

1. ಊರಿನಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ಕೊಯ್ಲಿನ ತಿಂಗಳುಗಳಲ್ಲಿ ಅವರನ್ನು ನೋಡಿಕೊಳ್ಳುವವರು ಯಾರು ಎಂದು ಪಟ್ಟಿ ಮಾಡಿ. ಲೆಕ್ಕವಿಲ್ಲದ ಅಹವಾಲಿಗೆ ತೂಕವಿಲ್ಲ.

2. ಗ್ರಾಮಸಭೆಯಲ್ಲಿ ತಾಯಂದಿರೇ ಎದ್ದು ಮಾತಾಡಲಿ. ಠರಾವು ನಡಾವಳಿ ಪುಸ್ತಕಕ್ಕೆ ಸೇರಿತೇ ಎಂದು ನೋಡಿ, ಅದರ ನಕಲು ಪಡೆಯಿರಿ.

3. ನಕಲನ್ನೂ ಪಟ್ಟಿಯನ್ನೂ ಲಗತ್ತಿಸಿ ಶಾಸಕರಿಗೆ ಮನವಿ ಕೊಡಿ; ಸ್ವೀಕೃತಿ ಪಡೆಯಿರಿ. ಸದನದಲ್ಲಿ ಪ್ರಶ್ನೆ ಎತ್ತುವಂತೆ ಕೇಳಿ.

4. ಸರ್ಕಾರ ನಿಯಮಗಳ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಸಲಹೆ, ಆಕ್ಷೇಪಣೆ ಕರೆದಾಗ ಗಡುವಿನೊಳಗೆ ಬರೆಯಿರಿ. ಸಂಘದಿಂದ ಒಂದು ಪತ್ರ ಹೋಗಲಿ, ಮನೆಮನೆಯಿಂದಲೂ ಹೋಗಲಿ.

ಖರ್ಚು ನಮ್ಮ ತಲೆಗೇ ಬಂದೀತೆಂಬ ಅಳುಕು ಸಹಜ; ನನಗೂ ಇದೆ. ಆದ್ದರಿಂದ ಹೊರೆಯನ್ನು ಯಾರು ಎಷ್ಟು ಹೊರಬೇಕೆಂಬುದನ್ನೂ ಮನವಿಯಲ್ಲೇ ಬರೆಯೋಣ. ಒಂದು ಕಿವಿಯನ್ನು ಜೋಲಿಯ ಕಡೆಗಿಟ್ಟು ಹಣ್ಣು ಬಿಡಿಸುವ ತಾಯಿಯ ಚೀಲ ಸಂಜೆಗೆ ತುಂಬುವುದಿಲ್ಲ, ಅದೂ ನಷ್ಟವೇ.

ಮುಂದಿನ ಸಭೆಗೆ ಬರುವಾಗ ನಿಮ್ಮ ಊರಿನ ಪಟ್ಟಿ ತನ್ನಿ. ಮನೆಯವರನ್ನೂ ಕರೆತನ್ನಿ.

– ಕಾರ್ಯದರ್ಶಿ