ಹೊರಟ ಮೇಲೆ ಸಿಕ್ಕ ಬಲ

ಮನಸ್ಸು ಗಟ್ಟಿಯಾಗಲಿ, ಆಮೇಲೆ ಸೇವೆಗೆ ಹೋಗೋಣ ಎಂದು ಕಾಯುವವರಿಗೆ ನಾನು ಹೇಳುವುದಿಷ್ಟೇ: ಈಗಲೇ ಹೊರಡಿ. ಕರ್ತನ ಕೃಪೆ ನನ್ನ ಕೈಗೆ ಬಲ ಕೊಟ್ಟದ್ದು ಬೆಳಗಾವಿ ಬಿಟ್ಟು ಖಾನಾಪುರದ ಕಡೆ ರೋಗಿಗಳ ಮನೆಗೆ ಹೋಗತೊಡಗಿದ ಮೇಲೆ.

ಆಗ ಯಜಮಾನರು ತೀರಿಕೊಂಡಿದ್ದರು. ಭಾನುವಾರದ ಆರಾಧನೆಗೆ ಹೋದರೂ ಹಿಂದಿನ ಬೆಂಚಿನಲ್ಲಿ ಕೂತು, ಯಾರನ್ನೂ ಮಾತಾಡಿಸದೆ ಬರುತ್ತಿದ್ದೆ. ನಮ್ಮ ಮೆಥೊಡಿಸ್ಟ್ ಸಭೆಯ ಕೆಲವು ಹೆಣ್ಣುಮಕ್ಕಳು ಹಾಸಿಗೆ ಹಿಡಿದವರ ಆರೈಕೆಗೆ ಹೋಗುತ್ತಿದ್ದರು. ಅವರಲ್ಲೊಬ್ಬ ಹಿರಿಯರು, "ಪ್ರಾರ್ಥನಿ ಮಾಡೂದೇನ ಬ್ಯಾಡವಾ, ಚೀಲ ಹಿಡಕೊಂಡ ಬಾ ಸಾಕು" ಅಂದರು. ಹೋದೆ.

ದೇಸೂರು ದಾಟಿ ಖಾನಾಪುರ, ಅಲ್ಲಿಂದಾಚೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಕಾಡು. ಬಹಳ ಮನೆಗಳಲ್ಲಿ ಮರಾಠಿ. ಪಾರ್ಶ್ವವಾಯು ಬಡಿದ ಅಜ್ಜಿಯೊಬ್ಬರ ಸೊಂಟದ ಕೆಳಗೆ ಹುಣ್ಣಾಗಿತ್ತು. ಜೊತೆಗಿದ್ದ ನಿವೃತ್ತ ನರ್ಸ್ ತೋರಿಸಿಕೊಟ್ಟರು: ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಚರ್ಮ ಒದ್ದೆಯಿರಬಾರದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು, ಕೆಂಪಗಾದ ಜಾಗವನ್ನು ತಿಕ್ಕಲೇಬಾರದು. ರಕ್ತ ಕಂಡರೆ ತಲೆ ಸುತ್ತುತ್ತಿದ್ದ ನಾನು ಆ ಹುಣ್ಣನ್ನು ತೊಳೆದೆ. ಕೈ ನಡುಗಲಿಲ್ಲ. ರೂಢಿಯ ಬಲವೆನ್ನಲು ಅದು ಮೊದಲ ಸಲ. ಅದನ್ನು ನಾನು ಕೃಪೆ ಎಂದೇ ನಂಬುತ್ತೇನೆ: ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕ ಮನ್ನದ ಹಾಗೆ, ಆ ದಿನಕ್ಕೆ ಬೇಕಾದಷ್ಟು, ಕೂಡಿಡಲಾಗದ್ದು.

ಜಾನ್ ವೆಸ್ಲಿಯವರು ಪ್ರಾರ್ಥನೆ, ವಾಕ್ಯಪಠಣ, ಕರ್ತನ ಭೋಜನಗಳ ಸಾಲಿನಲ್ಲೇ ರೋಗಿಗಳ ಭೇಟಿಯನ್ನೂ ಕೃಪಾಸಾಧನವೆಂದು ಎಣಿಸಿದರು. 1786ರಲ್ಲಿ ಅದರ ಮೇಲೆಯೇ ಒಂದು ಪ್ರಸಂಗ ಬರೆದು, ಬೇರೆಯವರ ಕೈಲಿ ನೆರವು ಕಳಿಸಿದರೆ ಸಾಲದು, ನಾವೇ ಹೋಗಬೇಕು ಎಂದು ಒತ್ತಿ ಹೇಳಿದರು. ಎಳೆತನದಿಂದ ಕೇಳಿದ್ದ ಈ ಬೋಧನೆ ನನಗೆ ಅರ್ಥವಾದದ್ದು ಆ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ. ಬೆಳಗಾವಿಯಲ್ಲಿ ಸುವಾರ್ತೆಯ ಕೆಲಸ ಬೇರೂರಿದ್ದೂ ಹೀಗೆ ಹೊರಟು ಬಂದವರಿಂದಲೇ. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದರು.

ವೆಸ್ಲಿಯವರ ಇನ್ನೊಂದು ಮಾತು, ಕೃಪೆ ನಮಗಿಂತ ಮುಂಚೆ ನಡೆಯುತ್ತದೆ ಎಂಬುದು. ಅಜ್ಜಿ ನಮ್ಮ ಸಭೆಯವರಲ್ಲ, ಹಿಂದೂ. ಪಕ್ಕದ ಮನೆಯ ಸೊಸೆ ಮಧ್ಯಾಹ್ನ ಭಾಕ್ರಿಯನ್ನು ಹಾಲಿನಲ್ಲಿ ಮೆತ್ತಗೆ ಕಲಸಿ ತಂದು ತಿನಿಸುತ್ತಿದ್ದಳು, ಯಾರೂ ಹೇಳದೆಯೇ. ನಾವು ಹೋಗುವ ಮೊದಲೇ ದೇವರ ಕೆಲಸ ಅಲ್ಲಿ ನಡೆದಿತ್ತು. ಸ್ವಲ್ಪ ಮಾತು ಮರಳಿದ ಮೇಲೆ ಅಜ್ಜಿ ನನ್ನನ್ನು ಕೇಳಿದ್ದು, "ಜೇವಲೀಸ್ ಕಾ?" ಊಟವಾಯಿತೇ ಎಂದು ನನ್ನನ್ನು ಯಾರೂ ಕೇಳದೆ ಎಷ್ಟೋ ದಿನವಾಗಿತ್ತು. ಗೋಡೆ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ನನ್ನ ದುಃಖ ಹೋಗಿದೆಯೆನ್ನಲಾರೆ. ಪೌಲನು ಮೂರು ಸಲ ಬೇಡಿಕೊಂಡರೂ ಅವನ ಶರೀರದ ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಈಗ ನಾನು ಚೀಲದ ಜೊತೆ ಪ್ರಾರ್ಥನೆಯನ್ನೂ ಮಾಡುತ್ತೇನೆ, ಹರಕು ಮರಾಠಿಯಲ್ಲಿ, ಮನೆಯವರು ಬೇಕೆಂದರೆ ಮಾತ್ರ. ಮಳೆಗಾಲದಲ್ಲಿ ಕಾಡಿನ ಹಳ್ಳಿಗಳಿಗೆ ದಾರಿ ಕಷ್ಟ. ಹಾಗಾಗಿ ಜೂನ್ ಬರುವುದರೊಳಗೆ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಮಗ್ಗಲು ಬದಲಿಸುವುದು, ಹುಣ್ಣು ತೊಳೆಯುವುದು ಕಲಿಸಿ ಬರುತ್ತೇವೆ.